ಎಚ್ಚರದ ಮಗಳು ಎಂಟರ ಬಸ್ಸಿಗೆ

ಬಸ್ಸಿನ ಹಿಂಬಾಗಿಲ ಪಕ್ಕದಲ್ಲಿ ಕಂಡಕ್ಟರಿಗೆಂದು ಒಂದು ಸೀಟು ಇರುತ್ತದೆ. ಅದಕ್ಕೆ ಅಂಟಿಕೊಂಡಂತೆ, ಕಿಟಕಿಯ ಕಡೆಗೆ, ಇನ್ನೊಂದು. ನಮ್ಮ ಊರಿನ ಬೆಳಗಿನ ಮೊದಲ ಬಸ್ಸಿನಲ್ಲಿ ಆ ಇನ್ನೊಂದು ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಬೋರ್ಡು ಇರಲಿಲ್ಲ, ನಿಯಮವೂ ಇರಲಿಲ್ಲ. ಹೊಸಬರು ಯಾರಾದರೂ ಕೂರಲು ಹೋದರೆ ಹಳಬರೇ ತಡೆಯುತ್ತಿದ್ದರು: “ಅಲ್ಲಿ ಬೇಡ ಸ್ವಾಮಿ, ಅಲ್ಲಿ ಮಗಳು ಮಲಗ್ತಾಳೆ.”

ಮಗಳು ಎಂದರೆ ಕಂಡಕ್ಟರಮ್ಮನ ಮಗಳು. ಹೈಸ್ಕೂಲಿನಲ್ಲಿದ್ದಳು. ಶಾಲೆ ಏಳಕ್ಕೆ ಶುರುವಾಗುತ್ತಿತ್ತು, ಮನೆ ಡಿಪೋದ ಹಿಂದಿನ ಬೀದಿಯಲ್ಲಿತ್ತು. ತಾಯಿ ಮಗಳು ಕತ್ತಲಲ್ಲೇ ಮನೆ ಬಿಟ್ಟು, ಡಿಪೋದ ಗೇಟು ದಾಟಿ, ಇನ್ನೂ ದೀಪ ಹಾಕದ ಬಸ್ಸಿಗೆ ಹತ್ತುತ್ತಿದ್ದರು. ಹುಡುಗಿ ಸೀಟಿಗೆ ಕುಸಿದು, ಅಮ್ಮನ ಊಟದ ಚೀಲವನ್ನು ಕಿಟಕಿಗೆ ಒತ್ತಿ, ಅದರ ಮೇಲೆ ಕೆನ್ನೆಯಿಟ್ಟರೆ ಮುಗಿಯಿತು. ಅತ್ತ ಸಂತೆ ನೆರೆದರೂ ಇತ್ತ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮೀನು ಮಾರುವವರ ಬುಟ್ಟಿ, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರ ಕೆಮ್ಮು, ಚಿಲ್ಲರೆಯ ಜಗಳ, ಎಲ್ಲವೂ ಅವಳ ನಿದ್ದೆಯ ಹೊರಗಡೆ ನಡೆಯುತ್ತಿತ್ತು.

ಪ್ರತಿ ನಿಲ್ದಾಣಕ್ಕೂ ಮುಂಚೆ ಕಂಡಕ್ಟರಮ್ಮ ಸೀಟಿ ಊದುವುದು ಪದ್ಧತಿ. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಆಕೆಯ ಉಸಿರು ದೊಡ್ಡದು, ಸೀಟಿ ಉಕ್ಕಿನದು. ಅರ್ಧ ಬೀದಿ ಎಚ್ಚರಗೊಳ್ಳುತ್ತಿತ್ತು. ಆದರೆ ಶಾಲೆಯ ನಿಲ್ದಾಣ ಬಂದಾಗ ಮಾತ್ರ ಆಕೆ ಸೀಟಿ ಊದುತ್ತಿರಲಿಲ್ಲ. ಮಗಳ ಸೀಟಿನ ಪಕ್ಕದ ಕಬ್ಬಿಣದ ಕಂಬಕ್ಕೆ ಸೀಟಿಯಿಂದ ಮೆಲ್ಲಗೆ ಎರಡು ಸಲ ತಟ್ಟುತ್ತಿದ್ದಳು. ಟಣ್, ಟಣ್. ಕಂಬದ ಮೂಲಕ ಆ ಸದ್ದು ಮುಂದಿನ ತನಕ ಹೋಗುತ್ತಿತ್ತು. ಡ್ರೈವರಣ್ಣ ಬಸ್ಸು ನಿಲ್ಲಿಸುತ್ತಿದ್ದ. ಹುಡುಗಿ ಕಣ್ಣು ಬಿಡುತ್ತಿದ್ದಳು. ಕೆನ್ನೆಯ ಮೇಲೆ ಊಟದ ಡಬ್ಬಿಯ ಅಂಚು ಅರ್ಧಚಂದ್ರದಂತೆ ಮೂಡಿರುತ್ತಿತ್ತು.

“ಎದ್ಯಾ?”

“ಹ್ಞೂಂ.”

“ಡಬ್ಬಿ ತಗೊಂಡ್ಯಾ?”

“ಹ್ಞೂಂ.”

ಆ ಒಂದು ಗಂಟೆಯಲ್ಲಿ ಅವರಿಬ್ಬರ ನಡುವಿನ ಮಾತು ಇಷ್ಟೇ. ಆದರೂ ಡಿಪೋದಲ್ಲಿ ಕಂಡಕ್ಟರಮ್ಮನ ಜಂಬಕ್ಕೆ ಈ ಒಂದು ಗಂಟೆಯೇ ಕಾರಣ. ವಿಶ್ರಾಂತಿ ಕೋಣೆಯಲ್ಲಿ ಬೇರೆ ಹೆಂಗಸರು ಮಕ್ಕಳ ಮುಖ ನೋಡಲು ಸಿಗುವುದಿಲ್ಲ ಎಂದು ಗೋಳಾಡಿದರೆ ಈಕೆ ಟೀ ಲೋಟ ಕೆಳಗಿಟ್ಟು ಹೇಳುತ್ತಿದ್ದಳು: “ನನ್ನ ಮಗಳು ನನ್ನ ಕಣ್ಣೆದುರಿಗೇ ಬೆಳೀತಾ ಇದಾಳಪ್ಪ. ದಿನಾ ಜೊತೇಲೇ ಬರ್ತಾಳೆ, ಜೊತೇಲೇ ಕೂರ್ತಾಳೆ.” ಯಾವತ್ತೂ ತಡವಾಗಿ ಬಾರದ ಕಾರಣಕ್ಕೆ ಆಕೆಗೆ ‘ಅಲಾರಂ ಅಕ್ಕ’ ಎಂದು ಹೆಸರಿಟ್ಟಿದ್ದರು. ಆಗ ಕೋಣೆಯಲ್ಲಿದ್ದ ಬಾಕಿ ತಾಯಂದಿರಿಗೆ ಅಲಾರಂ ಅಕ್ಕನ ಮೇಲೆ ಸ್ವಲ್ಪ ಹೊಟ್ಟೆಯುರಿ ಇತ್ತು ಎಂಬುದು ನಿಜ. ಆ ಉರಿ ಮುಂದೆ ಆಕೆಯ ಹೊಟ್ಟೆಗೇ ವರ್ಗವಾಗಿ ಬಂತು.

ಶಾಲೆಯವರು ಪೋಷಕರ ಸಭೆ ಕರೆದರು. ವಿಜ್ಞಾನದ ಮೇಷ್ಟ್ರು ಎದ್ದು ನಿಂತು, ದೊಡ್ಡ ತರಗತಿಯ ಮಕ್ಕಳಿಗೆ ಶಾಲೆ ಒಂಬತ್ತಕ್ಕೆ ಶುರು ಮಾಡೋಣ ಎಂದರು. ಕಾರಣವನ್ನೂ ಬಿಡಿಸಿ ಹೇಳಿದರು. ಮೀಸೆ ಚಿಗುರುವ, ಎತ್ತರ ಹೆಚ್ಚುವ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರುವ ರಾಸಾಯನಿಕ ಚಿಕ್ಕ ಮಕ್ಕಳಲ್ಲಿ ಸಂಜೆ ಬೇಗ ಏರಿದರೆ ಇವರಲ್ಲಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. “ನೀವು ಬೆಳಗಿನ ಐದಕ್ಕೆ ಅವರನ್ನ ಎಬ್ಬಿಸೋದು, ನಿಮ್ಮನ್ನ ಯಾರೋ ರಾತ್ರಿ ಮೂರಕ್ಕೆ ಎಬ್ಬಿಸಿದ ಹಾಗೆ. ಅದು ಸೋಮಾರಿತನ ಅಲ್ಲ,” ಎಂದರು.

ಹಿಂದಿನ ಸಾಲಿನಿಂದ ಒಬ್ಬ ತಂದೆ, “ನಮ್ಮನೇಲಿ ಅದು ಸೋಮಾರಿತನಾನೇ ಮೇಷ್ಟ್ರೇ,” ಎಂದ. ಎಲ್ಲರೂ ನಕ್ಕರು. ಕಂಡಕ್ಟರಮ್ಮನೂ ನಕ್ಕು ಪಕ್ಕಕ್ಕೆ ತಿರುಗಿದಳು. ಪಕ್ಕದ ಕುರ್ಚಿಯಲ್ಲಿ ಮಗಳು, ಹಾಡಹಗಲಿನಲ್ಲಿ, ಬಾಯಿ ಅರ್ಧ ತೆರೆದು ನಿದ್ದೆ ಮಾಡುತ್ತಿದ್ದಳು. ಒಪ್ಪುವವರು ಕೈ ಎತ್ತಿ ಎಂದಾಗ ತಾಯಿ ಕೈ ಎತ್ತಿದಳು. ಹಾಗೆ ಎತ್ತಿದ ಕೈಯಿಂದ ತನ್ನ ಬಸ್ಸಿನ ಆ ಸೀಟು ಖಾಲಿಯಾಗುತ್ತದೆ ಎಂಬ ಲೆಕ್ಕ ಆಕೆಗೆ ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು.

ಹೊಸ ವೇಳೆ ಜಾರಿಯಾದ ಮೊದಲ ಬೆಳಿಗ್ಗೆ ಒಬ್ಬ ದಪ್ಪನೆಯ ಪೇಂಟರು ಬಂದು ಆ ಸೀಟಿನಲ್ಲಿ ಕೂತ.

“ಏಳಿ, ಅಲ್ಲಿ ಕೂರೋ ಹಾಗಿಲ್ಲ.”

“ಯಾಕಮ್ಮ? ಮಗಳು ಇಲ್ವಲ್ಲ ಇವತ್ತು.”

“ಇಲ್ಲದೇ ಇದ್ರೂ.”

“ಇಲ್ಲದೇ ಇರೋ ಮಗಳಿಗೆ ಸೀಟು, ಇರೋ ನನಗೆ ಕಂಬ! ಒಳ್ಳೆ ನ್ಯಾಯ!”

ಬಸ್ಸೆಲ್ಲ ನಕ್ಕಿತು. ಆಕೆ ನಗಲಿಲ್ಲ. ಪೇಂಟರು ಗೊಣಗುತ್ತ ಎದ್ದ. ಶಾಲೆಯ ನಿಲ್ದಾಣ ಹತ್ತಿರ ಬಂದಾಗ ಆಕೆಯ ಕೈ ತಾನಾಗಿ ಕಂಬಕ್ಕೆ ತಟ್ಟಿತು. ಡ್ರೈವರಣ್ಣ ಬಸ್ಸು ನಿಲ್ಲಿಸಿದ. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಮುಚ್ಚಿದ ಗೇಟಿನ ಮೇಲೆ ದೀಪವೊಂದು ಉರಿಯುತ್ತಿತ್ತು. ನಾನು ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ದಿನಾ ಅದೇ ಬಸ್ಸಿನಲ್ಲಿ ಹೋಗುವವನು, ಎದುರು ಸೀಟಿನಲ್ಲಿ ಕೂತಿದ್ದೆ. ಆಕೆ ಎರಡು ಸೀಟಿ ಊದಿ, ನನ್ನ ಕಡೆ ತಿರುಗಿ, “ಅಭ್ಯಾಸ,” ಎಂದಳು.

ಇಷ್ಟಾದರೂ ಅದು ಬರೀ ಬೇಸರ. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಮುಂದಿನ ವಾರ, ವಿಶ್ರಾಂತಿ ಕೋಣೆಯಲ್ಲಿ, ಒಂದು ಬೇಯಿಸಿದ ಮೊಟ್ಟೆಯಿಂದ.

ಎಂಟರ ಬಸ್ಸಿನ ಕಂಡಕ್ಟರು ಒಬ್ಬ ಎಳೆಯ ಹೆಂಗಸು. ಪುಟ್ಟ ಆಳು, ಸದಾ ಚಿಲಿಪಿಲಿ, ಅದಕ್ಕೇ ಎಲ್ಲರೂ ‘ಗುಬ್ಬಿ’ ಎನ್ನುತ್ತಿದ್ದರು. ಮನೆಯಲ್ಲಿ ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ಆ ಕೂಸನ್ನು ಬಿಡುವ ಶಿಶುವಿಹಾರ ಬೆಳಗಾದ ಮೇಲೆಯೇ ಬಾಗಿಲು ತೆರೆಯುವುದರಿಂದ ಡಿಪೋದ ಹಿರಿಯರು ಅವಳಿಗೆ ಎಂಟರ ಬಸ್ಸು ಬಿಟ್ಟುಕೊಟ್ಟಿದ್ದರು. ಅವಳು ಬಂದು ಅಲಾರಂ ಅಕ್ಕನ ಎದುರು ಕೂತು ಕಾಲು ಚಾಚಿದಳು.

“ಅಕ್ಕಾ, ನಿಮ್ಮ ಮಗಳು ಅದೆಷ್ಟು ಮಾತಾಡ್ತಾಳಪ್ಪಾ! ನನ್ನನ್ನೇ ಮೀರಿಸ್ತಾಳೆ.”

“ಯಾರ ಮಗಳು?”

“ನಿಮ್ಮವಳೇ. ನನ್ನ ಪಕ್ಕದ ಸೀಟಲ್ಲಿ ಕೂತ್ಕೋತಾಳಲ್ಲ. ನಮ್ಮ ಮ್ಯಾನೇಜರು ನಡೆಯೋ ಥರ ನಡೆದು ತೋರಿಸಿದ್ಲು, ನಕ್ಕು ನಕ್ಕು ಟಿಕೆಟ್ ಕೊಡೋದೇ ಮರೆತೆ.”

“ನನ್ನ ಮಗಳು ಮಾತು ಕಮ್ಮಿ,” ಎಂದಳು ಕಂಡಕ್ಟರಮ್ಮ.

“ಅಯ್ಯೋ, ಕಮ್ಮೀನಾ? ನಾಟಕಕ್ಕೆ ಸೇರಿದಾಳಂತೆ, ಅದರಲ್ಲಿ ಮುದುಕನ ಪಾತ್ರ ಅಂತೆ. ಗಣಿತದ ಮೇಡಂ ಕಂಡ್ರೆ ಆಗಲ್ವಂತೆ. ನಿಮಗೆ ಗೊತ್ತಿರುತ್ತೆ ಬಿಡಿ. ಹಾಂ, ಮೊಟ್ಟೆ ತುಂಬಾ ಚೆನ್ನಾಗಿತ್ತು ಅಕ್ಕಾ. ಹದವಾಗಿ ಬೇಯಿಸ್ತೀರಿ.”

“ಯಾವ ಮೊಟ್ಟೆ?”

“ಅವಳ ಡಬ್ಬೀದು. ಅವಳಿಗೆ ಮೊಟ್ಟೆ ಸೇರಲ್ವಲ್ಲ, ದಿನಾ ನನಗೇ ಕೊಡ್ತಾಳೆ.”

ನಾಲ್ಕು ಗಂಟೆಗೆ ಎದ್ದು, ಒಲೆಯ ಮುಂದೆ ನಿಂತು, ನೀರು ಕುದಿ ಬಂದ ಮೇಲೆ ಮನಸ್ಸಿನಲ್ಲೇ ಎಣಿಸಿ ಇಳಿಸುವ ಮೊಟ್ಟೆ. ತಣ್ಣೀರಿನಲ್ಲಿ ಹಾಕಿ, ಸಿಪ್ಪೆ ಬಿಡಿಸಿ, ಉಪ್ಪಿನ ಪೊಟ್ಟಣ ಪಕ್ಕಕ್ಕಿಟ್ಟು ಮುಚ್ಚುವ ಡಬ್ಬಿ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು ಎಂಬ ಗಾದೆಯನ್ನು ಆಕೆ ಎಷ್ಟೋ ಸಲ ಬೇರೆಯವರ ಬಗ್ಗೆ ಹೇಳಿದ್ದಳು. ಗೆದ್ದಲಿಗೆ ಹೇಗನ್ನಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಟೀ ಲೋಟ ತೊಳೆಯಲು ಎದ್ದು ಹೋದಳು. ಲೋಟದಲ್ಲಿ ಟೀ ಇನ್ನೂ ಅರ್ಧ ಇತ್ತು.

ಹೊಟ್ಟೆಕಿಚ್ಚನ್ನು ನಾವು ಉರಿ ಎನ್ನುತ್ತೇವೆ. ಆಕೆಯದ್ದು ಅಷ್ಟು ಸರಳವಾಗಿರಲಿಲ್ಲ, ಅದರಲ್ಲಿ ಪದರಗಳಿದ್ದವು. ಗುಬ್ಬಿಯ ಮೇಲಿನದು ಮೇಲಿನ ಪದರ. ಅದರ ಕೆಳಗೆ ಮಗಳ ನಿದ್ದೆಯ ಮೇಲಿನದು. ತಾನು ಆ ವಯಸ್ಸಿನಲ್ಲಿ ಹಾಲಿನ ಕ್ಯಾನು ಹೊತ್ತು ಮನೆಮನೆಗೆ ಹೋಗುತ್ತಿದ್ದವಳು. ಮೈಯೊಳಗೆ ಗಡಿಯಾರ ಇದೆ, ಅದು ತಡ ಓಡುತ್ತದೆ ಎಂದು ಯಾವ ಮೇಷ್ಟ್ರೂ ಆಕೆಯ ಪರವಾಗಿ ಎದ್ದು ನಿಂತಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಮುಟ್ಟಿದರೆ ನೋಯುವ ಜಾಗದಲ್ಲಿ, ಒಂದು ಲೆಕ್ಕ ಇತ್ತು: ಇಷ್ಟು ವರ್ಷ ತನಗೆ ಸಿಕ್ಕಿದ್ದು ನಿದ್ದೆಯ ಮಗಳು. ಎಚ್ಚರದ ಮಗಳು ಎಂಟರ ಬಸ್ಸಿಗೆ ಹೋದಳು.

ಆ ಸಂಜೆ ಆಕೆ ಮಗಳನ್ನು ಅಡುಗೆಮನೆಯಲ್ಲಿ ಹಿಡಿದಳು.

“ಶಾಲೇಲಿ ಏನು ಸಮಾಚಾರ?”

“ಏನಿಲ್ಲ.”

“ನಾಟಕ ಗೀಟಕ ಏನಾದ್ರೂ ಇದೆಯಾ?”

ಹುಡುಗಿ ಪುಸ್ತಕದಿಂದ ತಲೆ ಎತ್ತಿದಳು. “ಗುಬ್ಬಿ ಅಕ್ಕ ಹೇಳಿದ್ಲಾ?”

“ನಿಮ್ಮ ಗುಬ್ಬಿ ಅಕ್ಕ ಯಾಕೆ ಹೇಳ್ಬೇಕು? ನೀನು ಹೇಳಬಾರ್ದಾ?”

“ಹೇಳೋಣ ಅಂತಾನೇ ಇದ್ದೆ ಅಮ್ಮ,” ಎಂದು ಹುಡುಗಿ ಮತ್ತೆ ಪುಸ್ತಕಕ್ಕೆ ಇಳಿದಳು.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ತಾಯಿ ಪಾತ್ರೆಗಳಿಗೆ ಕೇಳುವಷ್ಟು ಹೇಳಿದಳು. ಪಾತ್ರೆಗಳ ಜೊತೆಗೆ ಅತ್ತೆಗೂ ಕೇಳಿತು. ಬಾಗಿಲ ಪಕ್ಕ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆ, ಗಂಡನ ತಾಯಿ, ಸೊಸೆಗೆ ಸರಿಯಾದ ಮಾತು ಹೇಳುವ ಅವಕಾಶ ಎಂದೂ ಬಿಟ್ಟವರಲ್ಲ.

“ಆ ಮಗೂನ ಯಾಕೆ ಬೈತೀಯ? ಅವಳು ಬಾಯಿ ಬಿಡೋದು ಊಟ ಆದ್ಮೇಲೆ. ಅಷ್ಟು ಹೊತ್ತಿಗೆ ನಿನ್ನ ಬಾಯೂ ಬಿಟ್ಟಿರುತ್ತೆ, ಗೊರಕೆ ಹೊಡೆಯೋಕೆ. ನನಗೆ, ನಿನ್ನ ಗಂಡನಿಗೆ, ದಿನಾ ಕಥೆ. ಮೊನ್ನೆ ಮುದುಕನ ಪಾರ್ಟು ಮಾಡಿ ತೋರಿಸಿದ್ಲು, ಥೇಟ್ ನಿಮ್ಮ ಮಾವನೇ. ನನಗೆ ಅಳೂ ಬಂತು, ನಗೂ ಬಂತು.”

“ನನ್ನ ಎಬ್ಬಿಸಬಾರ್ದಾಗಿತ್ತಾ ಅತ್ತೆ?”

“ನಾಲ್ಕಕ್ಕೆ ಏಳೋಳನ್ನ ಯಾರಮ್ಮ ಎಬ್ಬಿಸ್ತಾರೆ? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಿದ್ರು. ಈ ಮನೇಲಿ ಅಮ್ಮನಿಗೊಂದು ಕಾಲ, ಮಗಳಿಗೊಂದು ಕಾಲ.”

ಹಾಗೆ ಹೊಟ್ಟೆಕಿಚ್ಚಿನ ಪಟ್ಟಿಗೆ ಅತ್ತೆಯೂ ಗಂಡನೂ ಸೇರಿದರು. ಆ ರಾತ್ರಿ ಆಕೆ ಹಟ ಹಿಡಿದು ಎದ್ದಿರಲು ನೋಡಿದಳು. ಊಟದ ತಟ್ಟೆಯ ಮುಂದೆಯೇ ತೂಕಡಿಸಿ, ಗಲ್ಲಕ್ಕೆ ಅನ್ನ ಮೆತ್ತಿಕೊಂಡಳು. ಮಗಳೇ ಕೈಹಿಡಿದು ಹಾಸಿಗೆಗೆ ಕರೆದುಕೊಂಡು ಹೋದಳಂತೆ. ಅದೂ ಆಕೆಗೆ ನೆನಪಿಲ್ಲ.

ನಮ್ಮ ಬಸ್ಸುಗಳ ಡಿಪೋದಲ್ಲಿ ವರ್ಷಕ್ಕೆ ಎರಡು ಸಲ ಡ್ಯೂಟಿ ಆರಿಸುವ ದಿನ ಬರುತ್ತದೆ. ಎಲ್ಲರೂ ಸೇರುತ್ತಾರೆ. ಸೇವೆಯಲ್ಲಿ ಹಿರಿಯರು ಮೊದಲು ಕೇಳುತ್ತಾರೆ, ಕೇಳಿದ ಬಸ್ಸು ಸಿಗುತ್ತದೆ. ಕಿರಿಯರಿಗೆ ಉಳಿದದ್ದು. ಅಲಾರಂ ಅಕ್ಕ ಹೆಂಗಸರಲ್ಲೇ ಹಿರಿಯಳು. ಇಷ್ಟು ವರ್ಷವೂ ಆಕೆ ಕೇಳುತ್ತಿದ್ದದ್ದು ಯಾರಿಗೂ ಬೇಡವಾದ ಮೊದಲ ಬಸ್ಸನ್ನೇ ಆದ್ದರಿಂದ ಆಕೆಯ ಹಿರಿತನದಿಂದ ಯಾರಿಗೂ ನೋವಾಗಿರಲಿಲ್ಲ. ಈ ಸಲ ಆ ದಿನ ಹತ್ತಿರ ಬಂದಾಗ, ವಿಶ್ರಾಂತಿ ಕೋಣೆ ತುಂಬಿರುವ ಹೊತ್ತು ನೋಡಿ ಹೇಳಿದಳು:

“ನಾನು ಈ ಸಲ ಎಂಟರ ಬಸ್ಸು ಕೇಳ್ತೀನಿ.”

ಎಂಟರ ಬಸ್ಸು ಹೋದರೆ ಗುಬ್ಬಿಗೆ ಮೊದಲ ಬಸ್ಸು ಬರುತ್ತದೆ, ಆ ಹೊತ್ತಿಗೆ ಶಿಶುವಿಹಾರದ ಬಾಗಿಲು ಮುಚ್ಚಿರುತ್ತದೆ, ಕೂಸನ್ನು ನೋಡಿಕೊಳ್ಳಲು ಅವಳ ಮನೆಯಲ್ಲಿ ಬೇರೆ ಯಾರೂ ಇಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೇಳಿದವಳಿಗೂ ಗೊತ್ತಿತ್ತು.

ಡ್ರೈವರಣ್ಣ ಗಂಟಲು ಸರಿ ಮಾಡಿಕೊಂಡು, “ಮೊದಲ ಬಸ್ಸಿಗೆ ಏನಾಯ್ತಕ್ಕ? ನಾನೇನಾದ್ರೂ ತಪ್ಪು ಮಾಡಿದ್ನಾ?” ಎಂದ.

“ನಿಂದೇನಿಲ್ಲ. ನನಗೂ ಒಂದಿನ ಸೂರ್ಯ ನೋಡಿ ಹೊರಡೋ ಆಸೆ ಇರಬಾರ್ದಾ?”

ಗುಬ್ಬಿ ಅತ್ತು ಕರೆಯಲೂ ಇಲ್ಲ, ಬೇಡಿಕೊಳ್ಳಲೂ ಇಲ್ಲ. “ನಿಮ್ಮ ಹಕ್ಕು ಅಕ್ಕ,” ಎಂದಷ್ಟೇ ಹೇಳಿದಳು. ಅವಳ ಬಾಯಲ್ಲಿ ಇಷ್ಟು ಚಿಕ್ಕ ಮಾತು ಯಾರೂ ಕೇಳಿರಲಿಲ್ಲ. ಕಂಡಕ್ಟರಮ್ಮನಿಗೆ ಒಳಗೊಳಗೇ ಮುಳ್ಳು ಚುಚ್ಚಿತು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗಳು ತನ್ನ ಪಕ್ಕ ಕೂತು, ಕೈ ಬಾಯಿ ತಿರುಗಿಸುತ್ತ, ಮ್ಯಾನೇಜರನ ನಡಿಗೆ ನಡೆದು ತೋರಿಸುವ ಚಿತ್ರ ಕಣ್ಣಿನಿಂದ ಹೋಗಲಿಲ್ಲ.

ಆರಿಸುವ ದಿನಕ್ಕೆ ಮುಂಚೆ ಗುಬ್ಬಿಯ ಕೂಸಿಗೆ ಜ್ವರ ಬಂತು. ಅವಳು ರಜೆ ಹಾಕಿದಳು. ಎಂಟರ ಬಸ್ಸಿಗೆ ಯಾರು ಎಂದಾಗ ಅಲಾರಂ ಅಕ್ಕ, ಮ್ಯಾನೇಜರು ವಾಕ್ಯ ಮುಗಿಸುವ ಮುಂಚೆಯೇ, “ನಾನು,” ಎಂದಳು. ಮೊದಲ ಬಸ್ಸಿಗೆ ಬದಲಿ ಆಳನ್ನು ಹಾಕಿದರು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಗಳು ಗುಬ್ಬಿಯ ಬಸ್ಸಿಗೆ ಹತ್ತುವಾಗ ಅವಳ ಮುಖ ಹೇಗಿರುತ್ತದೋ ಅದೇ ಮುಖ ತನಗೆ ಒಮ್ಮೆ ಬೇಕಿತ್ತು. ಆರರವರೆಗೆ ಮಲಗಬಹುದಿತ್ತು, ಆದರೆ ನಾಲ್ಕಕ್ಕೇ ಎಚ್ಚರವಾಯಿತು. ಮೊಟ್ಟೆ ಬೇಯಿಸಿದಳು. ಬಚ್ಚಲು ತೊಳೆದಳು. ಮಗಳ ಹಾಸಿಗೆಯ ಪಕ್ಕ ನಿಂತು ನೋಡಿದಳು. ಹುಡುಗಿ ಅಡ್ಡಡ್ಡ ಬಿದ್ದುಕೊಂಡು, ಒಂದು ಕಾಲು ಗೋಡೆಗೆ ಏರಿಸಿ, ಬಸ್ಸಿನಲ್ಲಿ ಎಂದೂ ಮಲಗದಷ್ಟು ವಿಶಾಲವಾಗಿ ಮಲಗಿದ್ದಳು. ತಾಯಿ ಸದ್ದಿಲ್ಲದೆ ಹೊರಟು, ಡಿಪೋಗೆ ಬೇಕಾದ್ದಕ್ಕಿಂತ ಎಷ್ಟೋ ಮುಂಚೆ ಹೋಗಿ, ನಿಂತ ಬಸ್ಸಿನ ಸೀಟುಗಳನ್ನೆಲ್ಲ ಒರೆಸಿದಳು.

ಬಿಸಿಲು ಬಂದ ಮೇಲೆ ಮಗಳು ಬಂದಳು. ಜೊತೆಗೆ ಅದೇ ಶಾಲೆಯ ಒಂದು ಗುಂಪು. ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳ ಮುಖ ನಿಜಕ್ಕೂ ಅರಳಿತ್ತು, ಏನೋ ಹೇಳಲು ಬಾಯಿ ತೆರೆದಿತ್ತು. ಕಂಡಕ್ಟರ್ ಸೀಟಿನ ಕಡೆ ನೋಡಿ ಆ ಬಾಯಿ ಮುಚ್ಚಿತು.

“ಅಮ್ಮಾ? ಗುಬ್ಬಿ ಅಕ್ಕ ಎಲ್ಲಿ?”

“ಯಾಕೆ, ನಾನಾದ್ರೆ ಆಗಲ್ವಾ?”

“ಹಾಗಲ್ಲ... ಏನಾಯ್ತು ಅವಳಿಗೆ?”

“ಮಗೂಗೆ ಜ್ವರ. ಬಾ, ಕೂತ್ಕೋ.”

ಮಗಳು ಪಕ್ಕದ ಸೀಟಿನಲ್ಲಿ ಕೂತಳು. ತಾಯಿ ಟಿಕೆಟ್ ಕೊಡುತ್ತ ಕೊಡುತ್ತ, ತಿರುಗಿ ತಿರುಗಿ ಬಂದು, ಹಿಂದಿನ ದಿನವೇ ಮನಸ್ಸಿನಲ್ಲಿ ಜೋಡಿಸಿಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಬಿಟ್ಟಳು.

“ನಾಟಕ ಎಲ್ಲಿಗೆ ಬಂತು?”

“ಚೆನ್ನಾಗಿ ಬಂತು.”

“ಮುದುಕ ಏನು ಮಾಡ್ತಾನೆ ಅದರಲ್ಲಿ?”

“ಸಾಯ್ತಾನೆ.”

“ಹೇಗೆ ಸಾಯ್ತಾನೆ?”

“ಹಾಗೇ.”

“ಮ್ಯಾನೇಜರು ನಡೆಯೋದು ತೋರಿಸು ನೋಡೋಣ.”

“ಅಮ್ಮಾ, ಎಲ್ಲ ನೋಡ್ತಿದಾರೆ!”

ಮುಂದಿನ ಗುಂಪಿನಿಂದ ಒಂದು ಹುಡುಗಿ, “ಏಯ್ ಮುದುಕಾ, ನಿಮ್ಮಮ್ಮ ಟಿಕೆಟ್ ಜೊತೆ ಪರೀಕ್ಷೆನೂ ತಗೋತಾರಾ?” ಎಂದು ಕೂಗಿದಳು. ಮುದುಕ ಎನ್ನಿಸಿಕೊಂಡವಳು ನಾಲಿಗೆ ಚಾಚಿ ಅಣಕಿಸಿದಳು. ಆ ಒಂದು ಕ್ಷಣ ತಾಯಿ ಗುಬ್ಬಿಗೆ ದಿನಾ ಸಿಗುವ ಮಗಳನ್ನು ಕಂಡಳು. ಅಷ್ಟರಲ್ಲಿ ಮಾರುಕಟ್ಟೆಯ ನಿಲ್ದಾಣ ಬಂತು, ಜನ ನುಗ್ಗಿದರು. ಆಕೆ ಮುಂಬಾಗಿಲ ತನಕ ಹೋಗಿ ಎಲ್ಲರಿಗೂ ಟಿಕೆಟ್ ಕೊಟ್ಟು ಹಿಂದಕ್ಕೆ ಬಂದಾಗ ಮಗಳು ಕಿಟಕಿಗೆ ಊಟದ ಚೀಲ ಒತ್ತಿ, ಅದರ ಮೇಲೆ ಕೆನ್ನೆಯಿಟ್ಟು, ಕಣ್ಣು ಮುಚ್ಚಿದ್ದಳು.

ತುಂಬು ರಾತ್ರಿ ಮಲಗಿ ಎದ್ದ ಹುಡುಗಿ. ಮೇಷ್ಟ್ರ ಲೆಕ್ಕದ ಪ್ರಕಾರ ಈ ಹೊತ್ತಿಗೆ ನಿದ್ದೆಯ ರಾಸಾಯನಿಕ ಇಳಿದಿರಬೇಕು. ಆದರೂ ಬಾಯಿ ಅರ್ಧ ತೆರೆದು, ಉಸಿರು ನಿಧಾನವಾಗಿ, ಹಳೆಯ ಹಾಗೆಯೇ.

ಕಂಡಕ್ಟರಮ್ಮನಿಗೆ ಮೊದಲು ಸಿಟ್ಟು ಬಂತು. ಗುಬ್ಬಿಗೆ ಮಾತು, ನನಗೆ ಗೊರಕೆ! ಎಬ್ಬಿಸಲು ಕೈ ಚಾಚಿದಳು. ಹೆಗಲು ಮುಟ್ಟುವ ಮುಂಚೆ ಕೈ ನಿಂತಿತು. ಹಿಂದಿನಿಂದ ಒಬ್ಬ ಹುಡುಗ ಬ್ಯಾಗು ತೂಗಾಡಿಸುತ್ತ ಬಂದ. ಆ ಬ್ಯಾಗು ಮಗಳ ತಲೆಗೆ ತಾಗದಂತೆ ಆಕೆ ಅಡ್ಡ ನಿಂತಳು. ಅಲ್ಲಿಂದ ಮುಂದಕ್ಕೆ ಅಡ್ಡ ನಿಂತೇ ಇದ್ದಳು.

ಶಾಲೆಯ ನಿಲ್ದಾಣ ಬಂತು. ಆಕೆ ಸೀಟಿಯನ್ನು ಕೈಗೆ ತೆಗೆದುಕೊಂಡು ಕಂಬಕ್ಕೆ ಮೆಲ್ಲಗೆ ತಟ್ಟಿದಳು. ಟಣ್, ಟಣ್.

ಬಸ್ಸು ನಿಲ್ಲಲಿಲ್ಲ.

ಎಂಟರ ಬಸ್ಸಿನ ಡ್ರೈವರು ಬೇರೆ. ಅವನಿಗೆ ಗುಬ್ಬಿಯ ಸೀಟಿ ಗೊತ್ತು, ಕಂಬದ ಭಾಷೆ ಗೊತ್ತಿಲ್ಲ. ಜೊತೆಗೆ ಅಷ್ಟು ಮಕ್ಕಳ ಗದ್ದಲದಲ್ಲಿ ಆ ಟಣ್ ಟಣ್ ಎರಡು ಸೀಟುಗಳನ್ನೂ ದಾಟಿರಲಾರದು. ಶಾಲೆಯ ಗೇಟು, ಗೇಟಿನ ಮುಂದೆ ಕೈ ಬೀಸುತ್ತಿದ್ದ ಮೇಷ್ಟ್ರು, ಕಾಂಪೌಂಡು, ಆಟದ ಬಯಲು, ಎಲ್ಲವೂ ಕಿಟಕಿಯಲ್ಲಿ ಸರಿದು ಹೋದವು.

“ಹೋಯ್ತು! ಹೋಯ್ತು! ಸ್ಕೂಲು ಹೋಯ್ತು!”

ಮಕ್ಕಳು ಕಿರುಚಿದರು. ಕೆಲವರು ಖುಷಿಯಿಂದ ಕಿರುಚಿದರು. “ನಿಲ್ಲಿಸಬೇಡಿ ಅಂಕಲ್, ಹಾಗೇ ಸಮುದ್ರಕ್ಕೆ ಹೊಡೀರಿ!” ಕಂಡಕ್ಟರಮ್ಮ ಸೀಟಿ ಬಾಯಿಗಿಟ್ಟು ಊದುವಷ್ಟರಲ್ಲಿ ಬಸ್ಸು ಮುಂದಿನ ಸೇತುವೆ ದಾಟಿತ್ತು. ಆ ಸೀಟಿಯ ಸದ್ದಿಗೆ ಮಗಳು ಸೀಟಿನಿಂದ ನೆಗೆದು ಎದ್ದಳು. ಕೆನ್ನೆಯ ಮೇಲೆ ಡಬ್ಬಿಯ ಅರ್ಧಚಂದ್ರ.

“ಏನಮ್ಮಾ ಇದು! ಸ್ಟಾಪಲ್ಲಿ ಊದ್ಲಿಲ್ವಾ?”

“ತಟ್ಟಿದೆ ಕಣೇ. ನೀನು ಮಲಗಿದ್ಯಲ್ಲ... ಎದೆ ಧಸಕ್ ಅನ್ನುತ್ತೆ ಅಂತ.”

ಬಸ್ಸು ಪೂರ್ತಿ ಕೇಳಿಸಿಕೊಂಡಿತು. ಡ್ರೈವರು ಕನ್ನಡಿಯಲ್ಲಿ ನೋಡಿ, “ಅಕ್ಕಾ, ಮುಂದಿನ ಸ್ಟಾಪಿಗೆ ಜೋಗುಳ ಹಾಡಿ, ಅದಕ್ಕೆ ನಿಲ್ಲಿಸ್ತೀನಿ,” ಎಂದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳ ಕಿವಿ ಕೆಂಪಗಾಯಿತು. ಎಲ್ಲರಿಗಿಂತ ಮೊದಲು ಇಳಿದು, ತಿರುಗಿ ನೋಡದೆ, ಸೇತುವೆಯ ಮೇಲೆ ಶಾಲೆಯ ಕಡೆ ನಡೆದಳು. ಗುಂಪು ಅವಳ ಹಿಂದೆ “ಟಣ್ ಟಣ್” ಎನ್ನುತ್ತ ಹೋಯಿತು.

ಆ ಸಂಜೆ ಊಟ ಮುಗಿದ ಮೇಲೆ ಕಂಡಕ್ಟರಮ್ಮ ಮುಖಕ್ಕೆ ತಣ್ಣೀರು ಹಾಕಿಕೊಂಡು, ಗೋಡೆಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿ ಕೂತಳು. ಅತ್ತೆ ನೋಡಿ, “ಏನು, ಇವತ್ತು ಕಾವಲು ಕೆಲಸವಾ?” ಎಂದರು. ಗಂಡ ಏನೋ ಅರ್ಥವಾದವನಂತೆ ತನ್ನ ತಾಯಿಯನ್ನು ಹೊರಗೆ ಗಾಳಿಗೆ ಕರೆದುಕೊಂಡು ಹೋದ.

“ಸಿಟ್ಟಾ?” ಎಂದು ಕಂಡಕ್ಟರಮ್ಮ ಮಗಳನ್ನು ಕೇಳಿದಳು.

“ಇಡೀ ಕ್ಲಾಸು ನನ್ನ ನೋಡಿದ್ರೆ ಡೆಸ್ಕ್ ತಟ್ತಾರೆ ಈಗ.”

“ನಾನು ಒಂದು ಕೇಳ್ತೀನಿ, ನಿಜ ಹೇಳು. ಗುಬ್ಬಿ ಹತ್ರ ಅಷ್ಟು ಮಾತಾಡ್ತೀಯ. ನನ್ನ ಪಕ್ಕ ಕೂತ್ರೆ ಮಲಗ್ತೀಯ. ನನ್ನ ಹತ್ರ ಮಾತಾಡೋಕೆ ಅಷ್ಟು ಬೇಜಾರಾ?”

ಹುಡುಗಿ ತಾಯಿಯ ಎದುರಿಗೆ ತಿರುಗಿ ಕೂತಳು. ಸುಳ್ಳು ಹುಡುಕುವವರ ಮುಖವಲ್ಲ ಅದು ಎಂದು ತಾಯಿಗೆ ತಿಳಿಯುತ್ತಿತ್ತು.

“ಬೇಜಾರಲ್ಲ ಅಮ್ಮ. ಗುಬ್ಬಿ ಅಕ್ಕ ಮಾತಾಡ್ತಾ ಮಾತಾಡ್ತಾ ಸ್ಟಾಪ್ ಮರೆತುಬಿಡ್ತಾಳೆ. ನಾನೇ ನೋಡ್ಕೋಬೇಕು, ಎದ್ದಿರಲೇಬೇಕು. ನೀನಿದ್ರೆ ನೋಡ್ಕೋಳೋದೇನಿದೆ? ಇವತ್ತು ನನಗೆ ನಿದ್ದೆ ಇರಲೇ ಇಲ್ಲ. ನೀನು ಪಕ್ಕ ನಿಂತೆ, ಚೀಲದ ವಾಸನೆ ಬಂತು, ಅಷ್ಟೇ, ನನಗೇ ಗೊತ್ತಾಗ್ಲಿಲ್ಲ.” ತಡೆದು, ತುಟಿ ಕಚ್ಚಿ ಸೇರಿಸಿದಳು: “ಆದ್ರೆ ಇವತ್ತು ನೀನೂ ಸ್ಟಾಪ್ ಬಿಟ್ಟೆ.”

“ಬಿಡ್ಲಿಲ್ಲ! ತಟ್ಟಿದೆ ಅಂದ್ನಲ್ಲ! ಆ ಡ್ರೈವರ್ ಕಿವುಡ!”

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಹುಡುಗಿ ಎದ್ದು, ಹೊದಿಕೆಯನ್ನು ಹೆಗಲಿಗೆ ಸುತ್ತಿ, ಬೆನ್ನು ಬಗ್ಗಿಸಿ, ಮುದುಕನಾಗಿ ಅಡುಗೆಮನೆಯ ಈ ಕೊನೆಯಿಂದ ಆ ಕೊನೆಗೆ ನಡೆದಳು. ಸಾಯುವ ದೃಶ್ಯಕ್ಕೆ ಬಂದು, ನೆಲದ ಮೇಲೆ ನಿಧಾನವಾಗಿ ಒರಗಿ, ಕೊನೆಯ ಮಾತು ಹೇಳಿ ತಲೆ ಎತ್ತಿ ನೋಡಿದರೆ ತಾಯಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬೆನ್ನು ಮಾತ್ರ ನೆಟ್ಟಗಿತ್ತು.

ಇದನ್ನು ಆಕೆ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ, ಬಹಳ ನಾಚಿಕೊಂಡು. “ಮುದುಕ ಸಾಯೋ ತನಕ ಎದ್ದಿದ್ದೆ ಸಾರ್, ಸತ್ತ ಮೇಲೆ ಗೊತ್ತಿಲ್ಲ,” ಎಂದಳು. ಮಗಳು ಹೇಳಿದ ಕಾರಣ ಸಮಾಧಾನ ಕೊಟ್ಟಿತೇ ಎಂದು ಕೇಳಿದೆ. ಕೊಟ್ಟಿತು, ಆದರೆ ಪೂರ್ತಿ ಕೊಡಲಿಲ್ಲ ಎಂದಳು. ನಂಬಿಕೆಯಿಂದ ಮಲಗುವ ಮಗಳು ಸಿಗುವುದು ದೊಡ್ಡದೇ. ಹಾಗೆಂದು ಮಾತಾಡುವ ಮಗಳು ಬೇಡವಾಗುತ್ತಾಳೆಯೇ?

ಡ್ಯೂಟಿ ಆರಿಸುವ ದಿನ ಬಂತು. ಮ್ಯಾನೇಜರು ಕುರ್ಚಿಯ ಮೇಲೆ ಕೂತು, ಹೆಂಗಸರಲ್ಲಿ ಹಿರಿಯಳನ್ನು ಮೊದಲು ಕರೆದರು. ಗುಬ್ಬಿ ಕೋಣೆಯ ಬಾಗಿಲಿಗೆ ಒರಗಿ, ತನ್ನ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದಳು. ಕೂಸಿನ ಜ್ವರ ಬಿಟ್ಟಿತ್ತು, ಅವಳ ಕಣ್ಣಿನ ಕೆಳಗಿನ ಕಪ್ಪು ಬಿಟ್ಟಿರಲಿಲ್ಲ. ಆ ಕಪ್ಪನ್ನು ಕಂಡಕ್ಟರಮ್ಮ ನೋಡಿದಳು. ತನ್ನ ಮಗಳು ಕೈಗೂಸಾಗಿದ್ದಾಗ ತನ್ನ ಕಣ್ಣ ಕೆಳಗೂ ಅದು ಇತ್ತು. ಹೊಟ್ಟೆಕಿಚ್ಚು ಪಡಬಾರದ ಮುಖ ಅದು. ಆದರೂ ಕಿಚ್ಚು ಆರಿರಲಿಲ್ಲ, ಅಲ್ಲೇ ಬೂದಿಯ ಕೆಳಗಿತ್ತು.

“ಹೇಳಮ್ಮ, ಎಂಟರದಾ?”

“ಮೊದಲ ಬಸ್ಸು.”

“ಎಂಟರದು ಅಂದಿದ್ಯಂತೆ?”

“ಅಂದಿದ್ದೆ. ಆ ಡ್ರೈವರಿಗೆ ಕಿವಿ ಕೇಳಲ್ಲ ಸಾರ್, ನನಗೆ ಅವನ ಜೊತೆ ಆಗಲ್ಲ.”

ಕೋಣೆ ನಕ್ಕಿತು. ಮೊದಲ ಬಸ್ಸಿನ ಡ್ರೈವರಣ್ಣ ಎಲ್ಲರಿಗಿಂತ ಜೋರಾಗಿ ನಕ್ಕು, “ನನ್ನ ಕಿವಿ ಬಂಗಾರ!” ಎಂದ. ಗುಬ್ಬಿ ಚಪ್ಪಲಿಯಿಂದ ಕಣ್ಣೆತ್ತಿದಳು.

ಮಧ್ಯಾಹ್ನ ವಿಶ್ರಾಂತಿ ಕೋಣೆಯಲ್ಲಿ ಅವಳು ಬಂದು ಎದುರು ಕೂತಳು. ಧನ್ಯವಾದ ಹೇಳಲು ಬಂದವಳು, ಹೇಗೆ ಶುರು ಮಾಡಬೇಕೆಂದು ತಿಳಿಯದೆ ಟಿಕೆಟ್ ಚೀಲದ ಪಟ್ಟಿ ಬಿಗಿ ಮಾಡಿಕೊಂಡಳು. ಕಂಡಕ್ಟರಮ್ಮ ಟೀ ಲೋಟವನ್ನು ಅವಳ ಕಡೆ ತಳ್ಳಿದಳು.

“ನೋಡು ಗುಬ್ಬಿ. ಮಾತಾಡ್ಕೊಳ್ಳಿ, ನಗ್ಕೊಳ್ಳಿ, ನನ್ನ ಅಭ್ಯಂತರ ಇಲ್ಲ. ಸ್ಟಾಪ್ ಮಾತ್ರ ಮರೀಬೇಡ. ಅವಳು ನಿನ್ನ ಬಸ್ಸಲ್ಲೂ ಒಂದಿನ ಮಲಗಬೇಕು ಅಂದ್ರೆ ಮಲಗೋ ಹಾಗಿರಬೇಕು.”

“ಆಯ್ತು ಅಕ್ಕ.”

“ಇನ್ನೊಂದು. ನಾಳೆಯಿಂದ ಡಬ್ಬೀಲಿ ಎರಡು ಮೊಟ್ಟೆ ಇಡ್ತೀನಿ. ಒಂದು ನಿನಗೆ. ನಿನ್ನ ಮುಖ ನೋಡಿದೀಯಾ ಕನ್ನಡೀಲಿ? ಇನ್ನೊಂದು ಅವಳೇ ತಿನ್ನಲಿ.”

“ಅವಳಿಗೆ ಮೊಟ್ಟೆ ಸೇರಲ್ವಲ್ಲ ಅಕ್ಕಾ, ಹೇಳಿದ್ನಲ್ಲ...”

“ಹೇಳಿದೀಯ. ಅದನ್ನ ನೀನು ನನಗೆ ಹೇಳಬೇಡ,” ಎಂದಳು ಕಂಡಕ್ಟರಮ್ಮ. “ಅವಳೇ ಹೇಳಲಿ. ಅಲ್ಲಿ ತನಕ ದಿನಾ ಇಡ್ತೀನಿ.”